ಕೊಡ ಒದ್ದ ಸ್ವಯಂಸೇವಕ

ವೆಲ್ಡರ್ ಅಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತು ಅನ್ನುವುದಕ್ಕಿಂತ ಭಯ. ಶಾಲೆಯಲ್ಲಿ ಪಕ್ಕ ಕೂತವನ ಮೂಗು ಒಡೆದು ಹೊರಬಿದ್ದ, ಕೆಲಸ ಕಲಿಸಿದ ಯಜಮಾನನ ಮೇಲೆ ಸುತ್ತಿಗೆ ಎತ್ತಿ ಅಲ್ಲಿಂದಲೂ ಹೊರಬಿದ್ದ. ಕೊನೆಗೆ ಬಸ್ ನಿಲ್ದಾಣದ ಹಿಂದೆ ಸ್ವಂತ ಶೆಡ್ಡು ಹಾಕಿಕೊಂಡ, ಅಲ್ಲಿ ಹೊರಹಾಕುವವರು ಯಾರೂ ಇರಲಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿದ್ದು ಅಕ್ಕ. ಅವನು ಹೊಡೆದಾಗಲೆಲ್ಲ ಪೆಟ್ಟು ತಿಂದವರ ಮನೆಬಾಗಿಲಿಗೆ ಹೋಗಿ ಅವಳೇ ಕೈಮುಗಿಯುತ್ತಿದ್ದಳು. “ಕೋಪ ಬಂದ್ರೆ ಅವನಿಗೆ ಮೈಮೇಲೆ ಜ್ಞಾನ ಇರಲ್ಲ, ದೊಡ್ಡ ಮನಸ್ಸು ಮಾಡಿ” ಎನ್ನುತ್ತಿದ್ದಳು. ಬೇರೆಯವರ ಮೂಗು ಒಡೆದದ್ದಕ್ಕೆ ದೊಡ್ಡ ಮನಸ್ಸು ಮಾಡುವುದು ಯಾರಿಗೆ ತಾನೇ ಸುಲಭ? ಆದರೂ ಅವಳ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಇಂಥವನನ್ನು ಪುರಸಭೆಯವರು ಸ್ವಯಂಸೇವಕನನ್ನಾಗಿ ಯಾಕೆ ಆರಿಸಿದರು ಎಂದರೆ, ಇಂಥವನೆಂಬ ಕಾರಣಕ್ಕೇ ಆರಿಸಿದರು. ಬೇಸಿಗೆಯಲ್ಲಿ ನಲ್ಲಿ ಬತ್ತಿ ಬೀದಿಗೆ ಟ್ಯಾಂಕರ್ ಬರತೊಡಗಿತ್ತು. ಜನ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಅವನಿಗೊಂದು ಹಳದಿ ಅಂಗಿ ತೊಡಿಸಿ, ವಾಲ್ವ್ ತಿರುಗಿಸುವ ಕಬ್ಬಿಣದ ಸಲಾಕೆಯನ್ನು ಕೈಗೆ ಕೊಟ್ಟರು. ಅವನ ಕೈಗೆ ಸಲಾಕೆ! ಮಂಗನ ಕೈಗೆ ಕೊಟ್ಟಿದ್ದರೂ ಇಷ್ಟು ಅನಾಹುತವಾಗುತ್ತಿರಲಿಲ್ಲ.

ಆ ಬೀದಿಯಲ್ಲಿ ಸಾಲು ನಿಲ್ಲುತ್ತಿದ್ದುದು ಜನರಲ್ಲ, ಕೊಡಗಳು. ಬೆಳಿಗ್ಗೆ ಕೊಡ ಇಟ್ಟು ಕೆಲಸಕ್ಕೆ ಹೋದವರ ಜಾಗ ಸಂಜೆಯವರೆಗೂ ಭದ್ರ. ಇನ್ನೊಬ್ಬರ ಕೊಡ ಮುಟ್ಟುವುದೂ ಒಂದೇ, ಅವರ ಕೊರಳಪಟ್ಟಿಗೆ ಕೈಹಾಕುವುದೂ ಒಂದೇ.

ಒಂದು ಸಂಜೆ ಟ್ಯಾಂಕರ್ ಬಂದಾಗ ಸಾಲಿನ ಮೊದಲ ಕೊಡ ಅವನ ಭಾವನದಾಗಿತ್ತು. ಭಾವ ಬಸ್ ಡ್ರೈವರ್, ಸಾಧು ಮನುಷ್ಯ. ಕೊಡವನ್ನು ಅಕ್ಕ ಎಲ್ಲರಿಗಿಂತ ಮುಂಚೆ ಎದ್ದು ತಂದಿಟ್ಟಿದ್ದಳು. ಯಾರೋ ಹಿಂದಿನಿಂದ ಕಿಚಾಯಿಸಿದರು: “ಭಾವನ ಕೊಡ ಮುಂದಿಲ್ದೆ ಇನ್ನೆಲ್ಲಿರತ್ತೆ ಬಿಡಿ.” ವೆಲ್ಡರನ ತಲೆಗೆ ರಕ್ತ ಏರಿತು. ತಾನು ಪಕ್ಷಪಾತಿಯಲ್ಲ ಎಂದು ತೋರಿಸಲು ಆ ಕೊಡವನ್ನು ಚರಂಡಿಗೆ ಬೀಳುವಂತೆ ಒದ್ದ. ದೊಡ್ಡ ನ್ಯಾಯ ಮಾಡಿದೆನೆಂದು ಎದೆಯುಬ್ಬಿಸಿ ನಿಂತ, ಮೂರ್ಖ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಭಾವ ಬಂದರು. ಚರಂಡಿಗಿಳಿದು ಸೀಳಿಹೋದ ಪ್ಲಾಸ್ಟಿಕ್ ಕೊಡವನ್ನು ಎತ್ತಿ, ಒರೆಸಿ, ಮತ್ತೆ ಅದೇ ಜಾಗದಲ್ಲಿಟ್ಟರು. “ನಿನ್ನನ್ನ ಇಟ್ಟಿರೋದು ನೀರು ಬಿಡೋಕಪ್ಪ, ದರ್ಬಾರು ಮಾಡೋಕಲ್ಲ” ಎಂದರು.

ಜನ ಗೊಳ್ಳೆಂದು ನಕ್ಕರು. ಆ ನಗು ಅವನಿಗೆ ತಡೆಯಲಾಗಲಿಲ್ಲ. ಸಲಾಕೆ ಬೀಸಿ ಭಾವನ ದವಡೆಗೆ ಬಡಿದ. ಒಣಕಟ್ಟಿಗೆ ಮುರಿದಂಥ ಸದ್ದು. ಭಾವ ಬಿದ್ದ ಮೇಲೂ ಇನ್ನೊಂದು ಬಾರಿಸಿದ. ಖಾಕಿ ಅಂಗಿಯ ಮೇಲೆ ರಕ್ತ, ರಕ್ತದಲ್ಲಿ ಹಲ್ಲುಗಳು. ಅವನ ಬೆನ್ನ ಹಿಂದೆ ಟ್ಯಾಂಕರಿನ ನೀರು ರಸ್ತೆಗೆ ಹರಿಯುತ್ತಲೇ ಇತ್ತು, ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಆಸ್ಪತ್ರೆಗೆ ಪುರಸಭೆಯ ಅಧಿಕಾರಿ ಓಡೋಡಿ ಬಂದ. ತಮ್ಮ ಸ್ವಯಂಸೇವಕನೇ ಹೊಡೆದನೆಂದರೆ ಮಾನ ಉಳಿಯುತ್ತದೆಯೇ? “ಕುಡಿದು ಟ್ಯಾಂಕರ್ ಹತ್ತೋಕೆ ಹೋಗಿ ಬಿದ್ದ” ಎಂದು ಡಾಕ್ಟರಿಗೆ ಹೇಳಿದ. ಭಾವನ ದವಡೆಗೆ ತಂತಿ ಬಿಗಿಯುತ್ತಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಪಕ್ಕದಲ್ಲಿದ್ದ ವೆಲ್ಡರ್ ಜೈಲಿಗೆ ಹೆದರಿ ಹೌದೆಂದು ತಲೆಯಾಡಿಸಿದ. ಒಂದು ತಲೆಯಾಡಿಕೆಗೆ ಜೀವಮಾನದಲ್ಲಿ ಹನಿ ಹೆಂಡ ಮುಟ್ಟದ ಮನುಷ್ಯ ಕುಡುಕನಾದ. ಕುಡುಕನ ಕೈಗೆ ಬಸ್ ಕೊಡುವವರುಂಟೇ? ಡಿಪೋದವರು ಆಸ್ಪತ್ರೆಯ ಚೀಟಿ ನೋಡಿ ಕೆಲಸದಿಂದ ತೆಗೆದರು. ಕಣ್ಣಾರೆ ಕಂಡವರು ಸಲಾಕೆಗೂ ಪುರಸಭೆಗೂ ಹೆದರಿ ಸಾಕ್ಷಿಗೆ ಬರಲಿಲ್ಲ. ಅಕ್ಕ ಹೋಗಿ ಗೋಗರೆದಳು. ಹೆಂಡತಿ ಗಂಡನ ಪರ ಮಾತಾಡದೆ ಇನ್ನೇನು ಎಂದು ಕಳಿಸಿಬಿಟ್ಟರು.

ವರ್ಷದ ಕೊನೆಗೆ ಪುರಸಭೆ ಸಭೆ ಕರೆಯಿತು. ಊರಿನ ಪ್ರಗತಿಯ ವರದಿ, ಸ್ವಯಂಸೇವಕರಿಗೆ ಸನ್ಮಾನ. ಸನ್ಮಾನಿತರಲ್ಲಿ ವೆಲ್ಡರನೂ ಒಬ್ಬ. ಸುದ್ದಿ ಕೇಳಿ ಅಕ್ಕ ಶೆಡ್ಡಿಗೆ ಬಂದಳು. ತಿಂಗಳುಗಳ ನಂತರ ಅವನೊಡನೆ ಆಡಿದ ಮೊದಲ ಮಾತು ಅದು.

“ಡಿಪೋ ಸಾಹೇಬ್ರೂ ಬರ್ತಾರೆ. ಅವರೆದುರು ನಿಜ ಹೇಳು. ಇವರಿಗೆ ಕೆಲಸ ವಾಪಸ್ ಸಿಕ್ಕಿದ್ರೆ ನೀನು ನನ್ನ ತಮ್ಮ. ಇಲ್ದಿದ್ರೆ ನನಗೆ ತಮ್ಮ ಇರಲೇ ಇಲ್ಲ ಅಂದ್ಕೋತೀನಿ.”

ಸಭೆಯಲ್ಲಿ ಅಧ್ಯಕ್ಷರು ರಸ್ತೆ ಓದಿದರು, ಬೀದಿದೀಪ ಓದಿದರು, ಉದ್ಯಾನದ ಬೆಂಚುಗಳನ್ನೂ ಬಿಡಲಿಲ್ಲ. “ನಮ್ಮ ಸ್ವಯಂಸೇವಕರ ತಾಳ್ಮೆಯಿಂದ ಬೇಸಿಗೆಯುದ್ದಕ್ಕೂ ಒಂದೇ ಒಂದು ಅಹಿತಕರ ಘಟನೆ ನಡೆಯದೆ ನೀರು ಹಂಚಿಕೆಯಾಯಿತು” ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಮೂರನೇ ಸಾಲಿನಲ್ಲಿ ಭಾವ ಸೊಟ್ಟ ದವಡೆ ಹೊತ್ತು ಕೂತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ.

ಫಲಕ ಕೊಡಲು ಕರೆದಾಗ ವೆಲ್ಡರ್ ನೇರ ಮೈಕಿಗೆ ಹೋದ.

“ನಮ್ಮ ಭಾವ ಕುಡಿದಿರಲಿಲ್ಲ. ಟ್ಯಾಂಕರ್‌ನಿಂದ ಬೀಳಲೂ ಇಲ್ಲ. ನಾನೇ ಸಲಾಕೇಲಿ ಹೊಡೆದೆ, ಎರಡು ಸಲ. ಪುರಸಭೆಯವರು ಮುಚ್ಚಿಹಾಕಿದ್ರು.”

ಅಧಿಕಾರಿ ಮೈಕು ಕಿತ್ತುಕೊಂಡ. ವೆಲ್ಡರ್ ಗಂಟಲು ಹರಿಯುವಂತೆ ಅದನ್ನೇ ಕೂಗಿದ. ಹಳದಿ ಅಂಗಿಯವರು ನಾಲ್ಕೈದು ಜನ ವೇದಿಕೆ ಹತ್ತಿದರು. ಒಬ್ಬ ಹೊಟ್ಟೆಗೆ ಗುದ್ದಿದ, ಇನ್ನೊಬ್ಬ ಫಲಕವನ್ನೇ ಎತ್ತಿ ಹಣೆಗೆ ಬಡಿದ. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಬಿದ್ದವನನ್ನು ತುಳಿದರು, ಪಕ್ಕೆಲುಬಿಗೆ ಒದ್ದರು. ಅವನು ಮನಸ್ಸು ಮಾಡಿದ್ದರೆ ಅವರಲ್ಲಿ ಇಬ್ಬರಾದರೂ ಆಸ್ಪತ್ರೆ ಸೇರುತ್ತಿದ್ದರು. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, “ನಾನೇ ಹೊಡೆದೆ, ಅವರು ಕುಡಿದಿರಲಿಲ್ಲ” ಎಂದು ನೆಲಕ್ಕೆ ಬಾಯಿ ಹಚ್ಚಿ ಕೂಗುತ್ತಲೇ ಇದ್ದ. ಕೈ ಮಾತ್ರ ಎತ್ತಲಿಲ್ಲ.

ಕೊನೆಗೆ ಡಿಪೋ ಸಾಹೇಬರೇ ಎದ್ದು ಬಂದು ಬಿಡಿಸಿದರು. “ಇದನ್ನ ಪೊಲೀಸರ ಮುಂದೆ ಹೇಳ್ತೀಯಾ?” ಎಂದು ಕೇಳಿದರು. “ಹೇಳ್ತೀನಿ ಸಾರ್” ಎಂದ. ಅವರು ಭಾವನ ಕಡೆ ತಿರುಗಿ, “ನಾಳೆ ಡಿಪೋಗೆ ಬನ್ನಿ” ಎಂದರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅಕ್ಕ ಅವನ ಮುಖದ ರಕ್ತ ಒರೆಸಿದಳು. ಅವನು ಒಡೆದ ತುಟಿಯಲ್ಲೇ ನಗಲು ನೋಡಿದ.

“ಅಷ್ಟು ಜನ ತುಳಿದ್ರೂ ನಾನು ಕೈ ಎತ್ಲಿಲ್ಲ ಅಕ್ಕ. ನೋಡಿದ್ಯಾ?”

“ನೋಡ್ದೆ” ಎಂದಳು. ಒರೆಸುತ್ತಿದ್ದ ಕೈ ನಿಂತಿತು. “ಇಷ್ಟು ವರ್ಷ ಕೋಪ ತಡೆಯೋಕೆ ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ದೆ ಕಣೋ. ಹಾಗಂತಲೇ ಕಂಡೋರ ಕಾಲು ಹಿಡಿದೆ. ನಿನ್ನ ಕೈಲಿ ಆಗತ್ತೆ. ಮೊದಲಿಂದ್ಲೂ ಆಗ್ತಾನೇ ಇತ್ತು.”

ಬಟ್ಟೆಯನ್ನು ಅವನ ಕೈಗೆ ಕೊಟ್ಟು, ಗಂಡನನ್ನು ಕರೆದುಕೊಂಡು ಹೊರಟಳು. ಉಳಿದ ರಕ್ತವನ್ನು ಅವನೇ ಒರೆಸಿಕೊಂಡ.