ಜಾಲಿ ಮರದ ಪುಲ್ಲಿ

ಕಳೆದ ವಾರ ಶಿರಾದ ಅಂಗಡಿಯೊಂದರಲ್ಲಿ ಹೊಸ ಡ್ರಿಲ್ಲಿಂಗ್ ಮಷಿನ್ ಓಡಿಸಿ ತೋರಿಸಿದರು. ಗುಂಡಿ ತಿರುಗಿಸಿದರೆ ಸಾಕು, ವೇಗ ಇಳಿಯುತ್ತದೆ. ಕಬ್ಬಿಣ ಕೊರೆದಾಗ ಏಳುವ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೊಳ್ಳಲು ಹೋದವನು ಬರಿಗೈಯಲ್ಲಿ ಹೊರಗೆ ಬಂದೆ.

ಮಧುಗಿರಿಯ ನನ್ನ ವರ್ಕ್‌ಶಾಪಿನಲ್ಲಿದ್ದ ಹಳೆಯ ಮಷಿನ್ನಿಗೆ ನಿಧಾನವೆಂಬುದೇ ಗೊತ್ತಿರಲಿಲ್ಲ. ಕೊರೆಯುವ ದಪ್ಪ ಬಿಟ್ ಹಾಕಿದರೆ ಹೊಗೆಯಾಡಿ ಸುಟ್ಟುಹೋಗುತ್ತಿತ್ತು. ಐ.ಡಿ.ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಮೇಸ್ತ್ರಿ, ಜಾಲಿ ಮರದಲ್ಲಿ ಗಾಲಿಯಂಥ ದೊಡ್ಡದೊಂದು ಪುಲ್ಲಿ ಕಡೆದು, ಮೋಟರಿಗೂ ಬಿಟ್ಟಿಗೂ ನಡುವೆ ಕೂರಿಸಿ, ಎರಡು ಬೆಲ್ಟ್ ಹಾಕಿ ಅದರ ಓಟ ತಗ್ಗಿಸಿದರು. ಮೇಲೊಂದು ತಗಡಿನ ಮುಚ್ಚಳ. "ಕಬ್ಣಾನೂ ಎತ್ತಿನಂಗೆ ಕಣಣ್ಣ, ಅವಸರ ಮಾಡಿದ್ರೆ ಒದೀತದೆ" ಎನ್ನುತ್ತಿದ್ದರು. ಆಮೇಲೆ ಎಂಥ ಕಬ್ಬಿಣದ ಪ್ಲೇಟನ್ನೂ ಕೈಯಲ್ಲೇ ಒತ್ತಿಹಿಡಿದು ಕೊರೆಯುತ್ತಿದ್ದರು. ಪ್ಲೇಟು ಕದಲದಂತೆ ಕ್ಲಾಂಪ್ ಹಾಕಿ ಎಂದರೆ ನಗುತ್ತಿದ್ದರು... ಆ ಕೈ ಮೇಲೆ ಅವರಿಗೆ ಅಷ್ಟು ನಂಬಿಕೆ.

ಆ ವರ್ಷ ಪಾವಗಡದ ಸೋಲಾರ್ ಕೆಲಸ ನನಗೆ ಸಿಗುವುದರಲ್ಲಿತ್ತು. ಆಯುಧಪೂಜೆಗೆ ಆ ಕಂಪನಿಯ ಎಂಜಿನಿಯರುಗಳನ್ನು ಕರೆದಿದ್ದೆ. ಅವರು ಮುಚ್ಚಳ ತೆಗೆಸಿ ನೋಡಿದರೆ, ಒಳಗೆ ಗಾಣದಂಥ ಮರದ ಪುಲ್ಲಿ ಕಂಡರೆ ಮಾನ ಹೋಗುತ್ತದೆ ಎನ್ನಿಸಿತು. ಹಿಂದಿನ ಸಂಜೆ ಮೇಸ್ತ್ರಿ ಊರಿಗೆ ಹೋದ ಮೇಲೆ ಅದನ್ನು ಬಿಚ್ಚಿ, ಮೊದಲಿದ್ದಂತೆ ಒಂದೇ ಬೆಲ್ಟ್ ಹಾಕಿಬಿಟ್ಟೆ. ಪೂಜೆಯಾದ ಮೇಲೆ ತಿರುಗಿ ಕೂರಿಸಬೇಕೆಂದಿದ್ದೆ. ಮರೆತೆ.

ಪೂಜೆಯ ಮಾರನೆಯ ದಿನ ಮೇಸ್ತ್ರಿಯೇ ಮೊದಲ ತೂತು ಕೊರೆಯುವುದು ನಮ್ಮಲ್ಲಿ ಪದ್ಧತಿ. ಮುಚ್ಚಳದ ಮೇಲೆ ಚೆಂಡುಹೂವಿನ ಹಾರ ಇನ್ನೂ ಇತ್ತು. ಅದನ್ನು ಕದಲಿಸದೆ, ಕೈಮುಗಿದು ಸ್ವಿಚ್ ಹಾಕಿ, ಕೈಯಲ್ಲಿ ಒತ್ತಿಹಿಡಿದ ಪ್ಲೇಟಿನ ಮೇಲೆ ಬಿಟ್ ಇಳಿಸಿದರು. ಸದ್ದು ಬೇರೆಯಿದೆಯಲ್ಲ ಎಂದು ತಲೆಯೆತ್ತುವಷ್ಟರಲ್ಲಿ ಬಿಟ್ ಪ್ಲೇಟನ್ನು ಕಚ್ಚಿಕೊಂಡು ಗಿರ್ರನೆ ತಿರುಗಿಸಿತು. ಅವರ ಬಲಗೈ ಮಣಿಕಟ್ಟು ಮುರಿಯಿತು.

ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆ. ಜೊತೆಗೆ ನಾನು ಹೋಗಲಿಲ್ಲ. ಬಾಗಿಲೆಳೆದುಕೊಂಡು ಮರದ ಪುಲ್ಲಿಯನ್ನು ಇದ್ದಲ್ಲೇ ಕೂರಿಸಿದೆ. ಥೂ, ಅಂಥ ಕೆಲಸಕ್ಕೆ ನನ್ನ ಕೈ ಎಷ್ಟು ಚುರುಕಾಗಿತ್ತು!

ಎರಡು ತಿಂಗಳ ಮೇಲೆ ಬಂದ ಮೇಸ್ತ್ರಿ ಮೊದಲು ಮುಚ್ಚಳವನ್ನೇ ತೆಗೆದು ನೋಡಿದರು. ಎಲ್ಲ ಸರಿಯಾಗಿಯೇ ಇತ್ತು.

"ಅವತ್ತು ಸದ್ದು ಬ್ಯಾರೆ ಇತ್ತಲ್ವೇನಣ್ಣ?"

"ನಿಮಗೆ ಹಂಗನ್ನಿಸ್ತೇನೋ. ವಯಸ್ಸಾಯ್ತಲ್ಲ ಮೇಸ್ತ್ರಿ" ಎಂದೆ.

ಅವರು ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು. "ಇರ್ಬೋದು... ನನ್ ಕೈಯೇ ತಪ್ಪಿರ್ಬೇಕು ಬುಡಣ್ಣ."

ಮತ್ತೆ ಅವರು ಮಷಿನ್ ಮುಟ್ಟಲಿಲ್ಲ, ಕೆಲಸವನ್ನೇ ಬಿಟ್ಟರು. ಸೋಲಾರ್ ಕೆಲಸ ನನಗೆ ಸಿಕ್ಕಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವರು ಉಂಡರು. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಹೊರಟು, ಹೇಡಿಯಂತೆ ಅರ್ಧ ದಾರಿಯಿಂದ ವಾಪಸ್ ಬಂದಿದ್ದೇನೆ...

ಶಿರಾದ ಅಂಗಡಿಯಿಂದ ಹೊರಬಿದ್ದವನು ನೇರ ಐ.ಡಿ.ಹಳ್ಳಿಗೆ ಹೋದೆ. ಮೇಸ್ತ್ರಿ ತೀರಿಕೊಂಡು ಆಗಲೇ ಐದು ತಿಂಗಳಾಗಿತ್ತಂತೆ. ಅವರ ಹೆಂಡತಿ ಟೀ ತಂದುಕೊಟ್ಟು ಎದುರಿಗೆ ಕೂತರು.

"ಮೊಮ್ಮಗನ್ನ ಒಂದ್ಸಲಾನೂ ಎತ್ಕೊಳ್ನಿಲ್ಲ ಕಣಪ್ಪ. ಕೈ ಯಾವತ್ತೋ ವಾಸಿ ಆಗಿತ್ತು. ಆದ್ರೂ, ಬ್ಯಾಡ ಕಣಮ್ಮಿ, ಈ ಕೈ ನಂಬಂಗಿಲ್ಲ, ಬೀಳಿಸ್ಬುಟ್ಟೇನು ಅನ್ನೋರು."

ಆಕೆಗಾದರೂ ಹೇಳಬಹುದಿತ್ತು. ಟೀ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ.