ಉತ್ತರದ ಗೋಡೆಯ ರೆಕ್ಕೆಗಳು

ಅಸುನ್ಸಿಯೋನ್ ನಗರದ ನಿಮಿಯಾ ತನ್ನ ಕಸುಬನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಒಂದು ನಿಯಮ ಬರೆದುಕೊಟ್ಟರೆ ಸಾಕು, ಬಿಸಿಲು ತಡೆಯಲು ಕಟ್ಟಡದ ಹೊರಮೈಗೆ ಕೂರಿಸುವ ಓರೆ ಪಟ್ಟಿಗಳಂಥ ಸಾವಿರಾರು ರೆಕ್ಕೆಗಳನ್ನು ಕಂಪ್ಯೂಟರೇ ಬಿಡಿಸುತ್ತದೆ, ಒಂದರಂತೆ ಇನ್ನೊಂದಿಲ್ಲದ ಹಾಗೆ. ಅದನ್ನು ಅವಳು ನೋಡಿ ನೋಡಿಯೇ ಕಲಿತಳು. ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆಗಳಿರುವ ಹೊಸ ಗೋಪುರದ ಎರಡು ಸಾವಿರದ ನೂರು ಅಲ್ಯೂಮಿನಿಯಂ ರೆಕ್ಕೆಗಳು ಅವಳ ನಿಯಮದಿಂದಲೇ ಹುಟ್ಟಿದವು. ಆ ಜಾಗದಲ್ಲಿದ್ದ ವಠಾರವನ್ನು ಕೆಡವಿ, ಅಲ್ಲಿದ್ದವರಿಗೆ ಏಳನೇ ಮಹಡಿಯ ಉತ್ತರಕ್ಕೆ ಮುಖವಾದ ಮನೆಗಳನ್ನು ಹಂಚಿದ್ದರು. ಒಂದು ಮನೆ ಲಿಬ್ರಾದಾ ದೊಡ್ಡಮ್ಮನದು. ಹೊಲಿಗೆಯಲ್ಲೇ ದುಡಿದು ನಿಮಿಯಾಳನ್ನು ಸಾಕಿದವಳು ಅವಳು.

ಮಾರ್ಚ್ ಕೊನೆಯ ಮಧ್ಯಾಹ್ನ ಉತ್ತರದ ಗೋಡೆಗೆ ರೆಕ್ಕೆ ಕೂರಿಸುವುದನ್ನು ನೋಡುತ್ತಿದ್ದ ನಿಮಿಯಾಳಿಗೆ ತನ್ನ ತಪ್ಪು ಕಂಡಿತು. ರೆಕ್ಕೆಗಳೆಲ್ಲ ಅಗಲವಾಗಿ ತೆರೆದಿದ್ದವು, ಬಿಸಿಲು ನೇರ ಕಿಟಕಿಗೆ ಹೊಡೆಯುತ್ತಿತ್ತು. ನಿಯಮವನ್ನು ಅವಳು ಮೆಕ್ಸಿಕೋದ ಹಳೆಯ ಕಡತವೊಂದರಿಂದ ಎತ್ತಿಕೊಂಡಿದ್ದಳು. ಕಡತದಲ್ಲಿ ಊರಿನ ಹೆಸರು ಬದಲಿಸಿದ್ದಳು. ‘ದಕ್ಷಿಣಕ್ಕೆ ಮುಚ್ಚು, ಉತ್ತರಕ್ಕೆ ತೆರೆ’ ಎಂಬ ಸಾಲು ಮಾತ್ರ ಹಾಗೆಯೇ ಉಳಿದಿತ್ತು. ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಭೂಮಧ್ಯರೇಖೆಯ ಕೆಳಗಿರುವ ಇಲ್ಲಿ ಉತ್ತರಕ್ಕೆ.

ಮೇಸ್ತ್ರಿ ಎಲಿಹಿಯೊ ನೆರಳಲ್ಲಿ ಕೂತು ಎಲೆ ನೆನೆಸಿದ ತಣ್ಣನೆಯ ತೆರೆರೆ ಪಾನೀಯ ಹೀರುತ್ತಿದ್ದ.

"ದಕ್ಷಿಣದ ರೆಕ್ಕೆ ತೆಗೆಸಿ ಈ ಕಡೆ ಹಾಕ್ಸಿ, ದೊನ್ ಎಲಿಹಿಯೊ."

"ಹೇಗೆ ತಾಯಿ? ಒಂದೊಂದಕ್ಕೂ ಒಂದೇ ಜಾಗ ಅಂತ ಮಾಡಿಟ್ಟವಳು ನೀನೇ ತಾನೆ. ತೂತಿಗೆ ತೂತು ಕೂಡಲ್ಲ." ಅವನು ಕೊಂಬಿನ ಲೋಟವನ್ನು ಅವಳತ್ತ ಚಾಚಿದ. "ಒಂದು ಗುಟುಕು ಹಾಕು. ಆಮೇಲೆ ಹೋಗಿ ನಿನ್ನ ಕಂಪ್ಯೂಟರಲ್ಲಿ ಸೂರ್ಯನ್ನೇ ಆ ಕಡೆ ತಿರುಗಿಸು."

ಅವಳು ಲೋಟ ಮುಟ್ಟಲಿಲ್ಲ. ಎಲಿಹಿಯೊ ಮೆತ್ತಗಾದ. ಮಾಲೀಕರಿಗೆ ಫೋನು ಮಾಡಿ, ಬಹಳ ಹೊತ್ತು ಬರೀ ಹೂಂಗುಟ್ಟಿದ.

"ಮುಂದಿನ ವಾರ ಮನೆಗಳ ಕೀಲಿ ಕೊಡ್ಬೇಕಂತೆ. ಕೆಲಸ ನಿಲ್ಲಿಸ್ಬೇಡಿ ಅಂದ್ರು."

ಏಳು ಮಹಡಿ ಹತ್ತುವಷ್ಟು ಹೊತ್ತೂ ನಿಮಿಯಾ ಕಾಕುಪೆ ಇಗರ್ಜಿಯ ದೇವಮಾತೆಯನ್ನು ನೆನೆದಳು. ಮೇಲೆ, ಮನೆ ನೋಡಲು ಮೊದಲೇ ಬಂದಿದ್ದ ದೊಡ್ಡಮ್ಮ ಟೇಪು ಹಿಡಿದು ಕಿಟಕಿಯ ಕೆಳಗಿನ ಜಾಗ ಅಳೆಯುತ್ತಿದ್ದಳು.

"ಮೆಷಿನ್ ಇಲ್ಲೇ ಇಡ್ತೀನಿ ಕಣೆ. ದೀಪನೇ ಬೇಡ. ಎಲ್ಲಾ ನಿನ್ನ ಕೈಚಳಕ ಅಂತ ಕೆಳಗಡೆ ಎಲ್ರಿಗೂ ಹೇಳಿ ಬಂದೆ."

"ತಪ್ಪು ಮಾಡಿಬಿಟ್ಟೆ ದೊಡ್ಡಮ್ಮ. ಮಧ್ಯಾಹ್ನ ಇಲ್ಲಿ ಕೂರಕ್ಕಾಗಲ್ಲ. ಬೆಂದು ಹೋಗ್ತೀಯ."

ದೊಡ್ಡಮ್ಮ ಬಿಸಿಲಿಗೆ ಕಣ್ಣು ಕಿರಿದಾಗಿಸಿ ಅವಳನ್ನೇ ನೋಡಿದಳು.

"ಹಾಗಾದ್ರೆ ನಿಲ್ಲಿಸಿ ಅನ್ನು. ನಿನ್ನ ಲೆಕ್ಕ ತಾನೆ? ಅವ್ರು ನಿನ್ನ ಮಾತು ಕೇಳಲ್ವಾ?"

ನಿಮಿಯಾ ಕಿಟಕಿಯಿಂದ ಕೈ ಚಾಚಿ, ಹೊರಗೆ ಕೂರಿಸುತ್ತಿದ್ದ ರೆಕ್ಕೆಯ ಅಂಚನ್ನು ಹಿಡಿದಳು. ಹಗ್ಗದ ತೊಟ್ಟಿಲಲ್ಲಿ ನಿಂತಿದ್ದ ಕೆಲಸಗಾರ ಕಾದ.

"ಕೈ ತೆಗೀರಿ ಅಕ್ಕ. ಸಿಕ್ಕೊಳ್ಳತ್ತೆ."

ಅವಳು ಕೈ ತೆಗೆದಳು. ಅವನು ತಿರುಪು ಬಿಗಿಸಿದ.