ಐದನೇ ಮಹಡಿಯಿಂದ ಒಂದು ಫೋನು

ಇವತ್ತು ಬೆಳಿಗ್ಗೆ ಬ್ಯಾಂಕಿಗೆ ಹೋಗುವಾಗ ದಾರಿಯಲ್ಲಿ ಹಸಿ ಸಿಮೆಂಟಿನ ವಾಸನೆ ಬಂತು. ಬೇರೆಯವರಿಗೆ ಆ ವಾಸನೆಯಿಂದ ಹೊಸ ಮನೆ ನೆನಪಾಗುತ್ತದೋ ಏನೋ. ನನಗೆ ನೆನಪಾಗುವುದು ಸುಮಿತ್ರ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಚಿಕ್ಕಮಗಳೂರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಹಾಸ್ಟೆಲಿನಲ್ಲಿ ನನ್ನ ರೂಮಿನವಳು ಬೆಟ್ಟದ ಮೇಲಿನ ಅತ್ತಿಗುಂಡಿಯ ಸುಮಿತ್ರ. ಮನೆಯವರು ನೋಡಿದ ಹುಡುಗನನ್ನು ಒಲ್ಲೆನೆಂದು ಊರು ಬಿಟ್ಟು ಬಂದಿದ್ದಳು. ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಅವಳ ಅವ್ವ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಿದ್ದರು. ನನಗೆ ಆ ತೊಂದರೆ ಇರಲಿಲ್ಲ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಬೆಳೆದದ್ದು ಕೊಟ್ಟಿಗೆಹಾರದ ಮಾವನ ಮನೆಯಲ್ಲಿ. ನಾನು ಎಲ್ಲಿದ್ದರೂ ಕೇಳುವವರಿರಲಿಲ್ಲ.

ಹಾಸ್ಟೆಲಿನ ಪಕ್ಕದಲ್ಲೇ ಐದು ಮಹಡಿಯ ಹಳೇ ಲಾಡ್ಜ್. ಐದು ಮಹಡಿಗೆ ಇಷ್ಟೊಂದು ಸಡಗರವೇ ಎಂದು ಬೆಂಗಳೂರಿನವರು ನಕ್ಕಾರು, ನಮ್ಮ ಬೀದಿಗೆ ಅದೇ ಆಕಾಶ. ಅದನ್ನು ದೊಡ್ಡ ಹೋಟೆಲು ಮಾಡಲು ಬಾಗಿಲು ಕಿಟಕಿಗಳನ್ನೆಲ್ಲ ಕಿತ್ತಿದ್ದರು. ಒಂದು ರಾತ್ರಿ ಊಟ ಮುಗಿಸಿದ ಮೇಲೆ ಸುಮಿತ್ರ, "ಬಾರೇ, ಹತ್ತಿ ನೋಡಣ. ಮೇಲಿಂದ ಊರೆಲ್ಲ ಕಾಣ್ತದಂತೆ," ಎಂದಳು. ತಗಡಿನ ಬೇಲಿಯ ಸಂದಿಯಲ್ಲಿ ನುಸುಳಿದೆವು. ಒಳಗೆಲ್ಲ ಹಸಿ ಸಿಮೆಂಟಿನ ವಾಸನೆ, ಮೆಟ್ಟಿಲಿಗೆ ಕಂಬಿಯಿರಲಿಲ್ಲ. ನಾನು ಅವಳ ದುಪಟ್ಟಾ ಹಿಡಿದು, ದಾರಿಯುದ್ದಕ್ಕೂ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಹತ್ತಿದೆ.

ಮೇಲೆ ಹೋದಾಗ ದೇವರೂ ಮರೆತುಹೋದರು. ದಿನಾ ಬೈದುಕೊಂಡು ತುಳಿಯುವ ಪೇಟೆ ಇಷ್ಟು ಚೆಂದವೇ? ಬಸ್ ಸ್ಟ್ಯಾಂಡು, ಸಾಲು ದೀಪಗಳು, ಆಚೆಗೆ ಕಪ್ಪಗೆ ಮಲಗಿದ ಬೆಟ್ಟ. ಬೆಟ್ಟದ ರಸ್ತೆಯಲ್ಲಿ ಯಾವುದೋ ಗಾಡಿಯ ಬೆಳಕು ತಿರುವಿನಲ್ಲಿ ಮರೆಯಾಗಿ ಮತ್ತೆ ಮೇಲೆ ಕಾಣಿಸಿತು. ಸುಮಿತ್ರ ಅದನ್ನೇ ನೋಡುತ್ತಿದ್ದಳು. "ನಮ್ಮೂರಿಗೆ ಹೋಗ್ತಿದೆ," ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಮನೆಗೆ ಫೋನ್ ಹಚ್ಚಿದಳು.

"ಅವ್ವ, ನಾನು. ದೊಡ್ಡ ಕಟ್ಟಡದ ತುದೀಲಿ ನಿಂತಿದ್ದೀನಿ. ನಿನ್ನ ನೆನಪಾಯ್ತು."

ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸ್ವಲ್ಪ ಹೊತ್ತು ಕಾದು, "ಈಗಲೂ ಮಾತಾಡಲ್ಲ ನೋಡು," ಎಂದು ಸಿಟ್ಟಿನಿಂದ ಫೋನ್ ಆಫ್ ಮಾಡಿದಳು. ಇಳಿದು ಬಂದು ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಕು ಹರಿಯುವ ಮೊದಲೇ ಹಾಸ್ಟೆಲಿನ ಗೇಟು ಬಡಿದ ಸದ್ದು. ಹೊರಗೆ ಬಂದರೆ ಅವಳ ಅವ್ವ! ಸ್ವೆಟರು ತಿರುವುಮುರುವು, ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಯಾರದೋ ಜೀಪು ಹಿಡಿದು ಬಂದಿದ್ದರು. ಮಗಳನ್ನು ಕಂಡದ್ದೇ ಕೆನ್ನೆಗೆ ಒಂದು ಬಿಟ್ಟರು, ಆಮೇಲೆ ತಬ್ಬಿಕೊಂಡರು.

"ತುದೀಲಿ ನಿಂತಿದ್ದೀನಿ ಅಂತೀಯ, ನೆನಪಾಯ್ತು ಅಂತೀಯ, ಆಮೇಲೆ ಫೋನು ಆರಿಸ್ತೀಯ! ನಾನೇನಂತ ತಿಳ್ಕೊಬೇಕೇ?"

"ಊರು ನೋಡಕ್ಕೆ ಹತ್ತಿದ್ದು ಕಣವ್ವ..."

"ಊರು ನೋಡಕ್ಕಾ!" ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ಆ ಹುಡುಗ ಬ್ಯಾಡ ಅಂದ್ರೆ ಬ್ಯಾಡ. ನೀನು ಮನೆಗೆ ಬಾ."

ಸುಮಿತ್ರ ಬಟ್ಟೆ ಕಟ್ಟುತ್ತಿದ್ದಾಗ ಅವ್ವ ನನ್ನ ಕಡೆ ತಿರುಗಿದರು. "ನೀನೂ ಹತ್ತಿದ್ಯಾ? ನಿಮ್ಮನೇಲಿ ಗೊತ್ತಾ?" ನಾನು ನಗಲು ನೋಡಿದೆ, ಆಗಲಿಲ್ಲ. ಅವರು ಮತ್ತೇನೂ ಕೇಳದೆ ನನ್ನ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. "ನೀನೂ ಬಾರೆ. ನಾಲ್ಕು ದಿನ ಇದ್ದು ಹೋಗು."

"ಅಂಗಡೀಲಿ ರಜ ಕೊಡಲ್ಲಮ್ಮ," ಎಂದೆ.

ಸುಳ್ಳು. ಕೇಳಿದ್ದರೆ ಕೊಡುತ್ತಿದ್ದರು. ಹೋದರೆ ಮತ್ತೆ ಹಾಸ್ಟೆಲಿಗೆ ಮರಳಲು ಮನಸ್ಸಾಗಲಾರದೆಂದು ಹೆದರಿದ್ದೆ. ಆ ರಾತ್ರಿ ನನ್ನ ಫೋನೂ ಆಫ್ ಆಗಿತ್ತು. ಅದು ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಅವರಿಬ್ಬರೂ ಹೋದ ಮೇಲೆ ಖಾಲಿ ಮಂಚ ನೋಡುತ್ತ ಬಹಳ ಹೊತ್ತು ಕೂತಿದ್ದೆ.

ಸುಮಿತ್ರ ಮತ್ತೆ ಹಾಸ್ಟೆಲಿಗೆ ಬರಲಿಲ್ಲ. ಊರಲ್ಲೇ ತನಗೊಪ್ಪಿದವನನ್ನು ಮದುವೆಯಾದಳು. ನಾನು ಟೈಲರಿಂಗ್ ಅಂಗಡಿ ಇಟ್ಟೆ. ಹಬ್ಬಕ್ಕೊಂದು ಫೋನು, ಅಷ್ಟೇ.

ಇವತ್ತು ಹಬ್ಬವಲ್ಲ. ಆದರೂ ಬ್ಯಾಂಕಿನ ಕೆಲಸ ಬಿಟ್ಟು ಅವಳಿಗೆ ಫೋನ್ ಮಾಡಿದೆ. ಅವ್ವ ಹೇಗಿದ್ದಾರೆ ಎಂದು ಕೇಳಿದೆ. "ಕಣ್ಣು ಮಂಜಾಗಿದೆ ಕಣೆ. ಇಲ್ಲೇ ಇದ್ದಾಳೆ, ಮಾತಾಡು," ಎಂದಳು.

ನಾನು ಹೆಸರು ಹೇಳಿದೆ.

"ನಾಲ್ಕು ದಿನ ಇದ್ದು ಹೋಗು ಅಂದಿದ್ನಲ್ಲೇ," ಎಂದರು ಅವ್ವ. "ಬರಲೇ ಇಲ್ವಲ್ಲ ನೀನು?"

ಶನಿವಾರದಿಂದ ನಾಲ್ಕು ದಿನ ನನ್ನ ಅಂಗಡಿ ಮುಚ್ಚಿರುತ್ತದೆ. ಬಟ್ಟೆ ಕೊಟ್ಟವರು ದಯವಿಟ್ಟು ಮುಂದಿನ ವಾರ ಬನ್ನಿ.